ನೀಲಿ ಕೇಬಲ್ಲಿನ ಗೋಡೆ

ಮಾರ್ಚ್ 4

ಎಂಜಿನಿಯರಾದರೂ ವಾದ ಬಿಡದ ನಮ್ಮ ವಕೀಲಮ್ಮನಿಗೆ,

ಕ್ಷೇಮ ಸಮಾಚಾರವೆಲ್ಲ ಕೊನೆಗೆ, ಮೊದಲು ಜಗಳ. ಫೋನ್ ಮಾಡಬಹುದಿತ್ತಲ್ಲ ದೊಡ್ಡಪ್ಪ ಅನ್ನಬೇಡ. ಮೂವತ್ತು ವರ್ಷ ಡೀಸೆಲ್ ಎಂಜಿನ್ನುಗಳ ಪಕ್ಕದಲ್ಲಿ ನಿಂತ ಕಿವಿ ಇದು. ನೀನು ಒಂದು ಹೇಳಿದರೆ ಇದಕ್ಕೆ ಇನ್ನೊಂದು ಕೇಳುತ್ತದೆ, ಕೊನೆಗೆ ಇಬ್ಬರೂ ಗಂಟಲು ಹರಿದುಕೊಂಡು ಫೋನು ಇಡುತ್ತೇವೆ. ಅದಕ್ಕಿಂತ ಬರೆಯುವುದೇ ವಾಸಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನೆಯ ಪೇಪರಿನಲ್ಲಿ ನಿನ್ನ ಫೋಟೋ ಬಂದಿದೆ. ತಲೆಗೆ ಹಳದಿ ಹೆಲ್ಮೆಟ್ಟು, ಪಕ್ಕದಲ್ಲಿ ಸೂಟು ಹಾಕಿದ ಐದು ಜನ, ಹಿಂದೆ ಫಳಫಳ ಅನ್ನುವ ಹೊಸ ಡೀಸೆಲ್ ಎಂಜಿನ್ನು. ಕೆಳಗೆ ಬರೆದಿದ್ದಾರೆ: ‘ಅಣು ವಿದ್ಯುತ್ ಸ್ಥಾವರದ ತುರ್ತು ವಿದ್ಯುತ್ ವ್ಯವಸ್ಥೆ ಈಗ ಇನ್ನಷ್ಟು ಭದ್ರ.’ ಓದಿದವನೇ ಪೇಪರನ್ನು ಮಡಚಿ ಕುರ್ಚಿಗೆ ಬಡಿದೆ. ಪಕ್ಕದ ಮನೆಯವಳು ಕಿಟಕಿಯಿಂದ ಇಣುಕಿ, ‘ಯಾಕಜ್ಜ, ಸೊಳ್ಳೇನಾ?’ ಅಂದಳು. ‘ಅಲ್ಲಮ್ಮ, ಎಂಜಿನಿಯರು’ ಅಂದೆ.

ನೀನು ಓದಿದವಳು, ನಿನಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕಚೇರಿಯವರು ಮರೆತ ಹಾಗೆ ಕಾಣುತ್ತದೆ. ರಿಯಾಕ್ಟರ್ ನಿಲ್ಲಿಸಿದರೆ ತಣ್ಣಗಾಯಿತು ಅಂತಲ್ಲ. ಒಲೆ ಆರಿಸಿದ ಮೇಲೂ ಕೆಂಡದಲ್ಲಿ ಕಾವು ಇರುವ ಹಾಗೆ ಅದರ ಕಾವು ದಿನಗಟ್ಟಲೆ ಇರುತ್ತದೆ. ಅಷ್ಟು ದಿನವೂ ನೀರು ಹರಿಯುತ್ತಲೇ ಇರಬೇಕು. ನೀರಿಗೆ ಪಂಪು, ಪಂಪಿಗೆ ಕರೆಂಟು. ಹೊರಗಿನ ಲೈನು ಹೋದರೆ ಡೀಸೆಲ್ ಎಂಜಿನ್ನು. ಎಂಜಿನ್ನಿನಿಂದ ಪಂಪಿಗೆ ಎರಡು ದಾರಿ: ಕೆಂಪು ಕೇಬಲ್ಲಿನದು ಒಂದು, ನೀಲಿ ಕೇಬಲ್ಲಿನದು ಒಂದು. ಅವು ಎಲ್ಲಿಯೂ ಅಕ್ಕಪಕ್ಕ ಬರಬಾರದು. ಒಂದು ಸುಟ್ಟು ಕರಕಲಾದರೂ ಇನ್ನೊಂದು ಉಳಿಯಬೇಕು. ಸ್ಥಾವರ ನಿಂತಿರುವುದು ಆ ಒಂದು ಮಾತಿನ ಮೇಲೆ.

ಈಗ ಹೇಳು. ಎರಡು ಎಂಜಿನ್ನಿದ್ದ ಕಡೆ ಮೂರನೆಯದನ್ನು ತಂದಿಟ್ಟು ಫೋಟೋ ಹೊಡೆಸಿಕೊಂಡಿರಿ. ಅದರ ಕರೆಂಟು ಹೋಗುವುದು ಯಾವ ದಾರಿಯಲ್ಲಿ? ಅದೇ ಹಳೇ ಕೆಂಪು, ಅದೇ ಹಳೇ ನೀಲಿ. ಆ ದಾರಿಯನ್ನು ನಿಮ್ಮಲ್ಲಿ ಒಬ್ಬರಾದರೂ ಕಾಲಿನಲ್ಲಿ ನಡೆದು, ಕೈಯಲ್ಲಿ ಮುಟ್ಟಿ ನೋಡಿದ್ದೀರಾ? ಕೇಬಲ್ ಕೋಣೆಗೂ ಪಂಪ್ ಕೋಣೆಗೂ ನಡುವೆ ಒಂದು ದಪ್ಪ ಗೋಡೆ ಇದೆ. ನೀಲಿ ಕೇಬಲ್ ಅದನ್ನು ದಾಟುವ ಜಾಗ ನೋಡು. ಹೆಚ್ಚು ಕೇಳಬೇಡ, ನೋಡು.

ಇನ್ನು ಕ್ಷೇಮ: ಮಂಡಿನೋವು. ನಿಮ್ಮಮ್ಮನನ್ನು ಕೇಳಿದೆ ಅಂತ ಹೇಳು.

ದೊಡ್ಡಪ್ಪ


ಮಾರ್ಚ್ 11

ದೊಡ್ಡಪ್ಪನಿಗೆ ನಮಸ್ಕಾರ.

ಸೂಟು ಹಾಕಿದವರಲ್ಲಿ ಐದನೆಯವರು ಎಂಜಿನಿಯರಲ್ಲ, ಎಂಜಿನ್ ಮಾರಿದ ಕಂಪನಿಯವರು. ಅವರೇ ಎಲ್ಲರಿಗಿಂತ ಚೆನ್ನಾಗಿ ನಗುತ್ತಿದ್ದಾರೆ, ಗಮನಿಸಿ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಸೊಳ್ಳೆಯ ಮಾತಿಗೆ ಅವಳು ಎಷ್ಟು ನಕ್ಕಳೆಂದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಗೋಡೆಯ ವಿಷಯ. ಕೋಪ ಮಾಡಿಕೊಳ್ಳಬೇಡಿ ದೊಡ್ಡಪ್ಪ, ನೀವು ಸ್ಥಾವರದಲ್ಲಿ ಫಿಟ್ಟರಾಗಿದ್ದ ಕಾಲದಲ್ಲಿ ಇದ್ದದ್ದು ಕಾಗದದ ನಕ್ಷೆ. ಈಗ ಒಂದೊಂದು ಕೇಬಲ್ಲೂ ಕಂಪ್ಯೂಟರಿನಲ್ಲಿದೆ. ಆ ಗೋಡೆಯನ್ನು ಇದುವರೆಗೆ ಹನ್ನೊಂದು ಸಲ ತಪಾಸಣೆ ಮಾಡಿದ್ದಾರೆ. ಎರಡೂ ಕಡೆಯ ಫೋಟೋ ನನ್ನ ಮುಂದೆಯೇ ಇದೆ. ಈ ಕಡೆ ಮೂರು ನೀಲಿ ಕೇಬಲ್ ಗೋಡೆಯೊಳಗೆ ಹೋಗುತ್ತವೆ, ಆ ಕಡೆ ಮೂರು ಹೊರಗೆ ಬರುತ್ತವೆ. ಇನ್ನೇನು ನೋಡಲಿ?

ಒಂದು ಸಂತೋಷದ ವಿಷಯ ಹೇಳಲೇಬೇಕು. ರಿಯಾಕ್ಟರಿಗೆ ಇನ್ನೂ ಇಪ್ಪತ್ತು ವರ್ಷ ಆಯಸ್ಸು ಕೊಡುತ್ತಿದ್ದಾರೆ. ಈಗ ದುರಸ್ತಿಗೆಂದು ನಿಲ್ಲಿಸಿರುವುದನ್ನು ಏಪ್ರಿಲ್ 20ಕ್ಕೆ ಮತ್ತೆ ಚಾಲೂ ಮಾಡುತ್ತಾರೆ. ಅದಕ್ಕೆ ಮುಂಚೆ ಕೇಬಲ್ ದಾರಿಗಳೆಲ್ಲ ಸರಿಯಾಗಿವೆ ಎಂದು ಸಹಿ ಹಾಕಬೇಕಾದವಳು ನಾನು. ನನಗಿಂತ ಹಿರಿಯರು ಇಬ್ಬರಿದ್ದರೂ ನಮ್ಮ ಕಚೇರಿಯ ಮುಖ್ಯಸ್ಥರು ನನ್ನನ್ನೇ ಆರಿಸಿದರು.

ಹಳೇ ರಿಜಿಸ್ಟರುಗಳನ್ನು ತರಿಸಿದಾಗ ಅಪ್ಪನ ಅಕ್ಷರ ಸಿಕ್ಕಿತು. ಅದೂ ಅದೇ ಗೋಡೆಯ ಪುಟ. ‘ನೀಲಿ ಕೇಬಲ್ ಮೂರು. ಗೋಡೆ ದಾಟಿವೆ. ಪರೀಕ್ಷಿಸಿದ್ದೇನೆ.’ ಕೆಳಗೆ ಸಹಿ, ತಪಾಸಣೆಗಾರ. ಅಪ್ಪ ಹೋಗಿ ಐದು ವರ್ಷವಾದ ಮೇಲೆ ಆ ಗುಂಡನೆಯ ಅಕ್ಷರ ನೋಡಿ ನನಗೆ ಸ್ವಲ್ಪ ಹೊತ್ತು ಕೆಲಸ ಸಾಗಲಿಲ್ಲ. ಆ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ.

ಕೆಲಸ ಬಿಟ್ಟ ಮೇಲೆ ನಿಮಗೆ ಹೊತ್ತು ಹೋಗುವುದು ಕಷ್ಟವಾಗಿರಬೇಕು. ಮಂಡಿಗೆ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀರಾ?

ನಿಮ್ಮ ವಕೀಲಮ್ಮ


ಮಾರ್ಚ್ 16

ವಕೀಲಮ್ಮ,

ಮಂಡಿಯ ಮಾತು ಬಿಡು. ಹೊತ್ತು ಹೋಗದೆ ಪತ್ರ ಬರೆಯುತ್ತಿದ್ದೇನೆ ಅಂದುಕೊಂಡೆಯಾ? ಹೊತ್ತು ಹೋಗದಿದ್ದರೆ ಇಲ್ಲಿ ಬೀದಿಯ ಕೊನೆಯಲ್ಲಿ ಚೌಕಾಬಾರ ಆಡುವ ಮುದುಕರಿದ್ದಾರೆ, ಅವರಲ್ಲಿ ಒಬ್ಬ ಕವಡೆ ಕದಿಯುತ್ತಾನೆ, ಅವನ ಜೊತೆ ಜಗಳ ಆಡಿದರೆ ಸಂಜೆ ಆಗುತ್ತದೆ.

ಎರಡೂ ಕಡೆ ಫೋಟೋ ಇದೆಯಂತೆ. ಗೋಡೆಯ ಈ ಕಡೆ ಹಸುವಿನ ತಲೆ ಕಾಣುತ್ತದೆ, ಆ ಕಡೆ ಬಾಲ ಕಾಣುತ್ತದೆ, ನಡುವೆ ಹಸು ಇದೆ ಅಂತ ನೀನು ಹಾಲು ಕರೆಯಲು ಹೊರಟಿದ್ದೀಯ. ಹನ್ನೊಂದು ಸಲ ಬಂದವರೂ ಇದನ್ನೇ ಮಾಡಿದ್ದು. ಒಬ್ಬ ತಲೆ ನೋಡಿದ, ಒಬ್ಬ ಬಾಲ ನೋಡಿದ, ಟೀ ಕುಡಿದು ಹೋದರು. ಬಗ್ಗಿ ನೋಡಿದರೆ ಇವರ ಇಸ್ತ್ರಿ ಮುದುಡುತ್ತದೆ.

ಸರಿ, ಬಾಯಿ ಬಿಟ್ಟು ಹೇಳುತ್ತೇನೆ. ಸ್ಥಾವರ ಕಟ್ಟುವಾಗಿನ ಮಾತು. ಆ ಗೋಡೆಯಲ್ಲಿ ಎರಡು ತೂತು ಬಿಟ್ಟಿದ್ದರು, ಕೆಂಪಿಗೊಂದು, ನೀಲಿಗೊಂದು, ನಡುವೆ ಹತ್ತು ಮಾರು ದೂರ. ಗಾರೆಯವನು ನೀಲಿ ತೂತನ್ನು ಬೇಡದ್ದು ಅಂದುಕೊಂಡು ಕಾಂಕ್ರೀಟು ತುಂಬಿಬಿಟ್ಟ. ಹೊಸ ತೂತು ಕೊರೆಯಲು ಮೂರು ವಾರ ಬೇಕಿತ್ತು. ಉದ್ಘಾಟನೆಗೆ ದೊಡ್ಡವರು ಬರುವುದಿತ್ತು. ಅವರು ಮೂರು ನೀಲಿ ಕೇಬಲ್ಲುಗಳನ್ನೂ ಕೆಂಪು ತೂತಿನಲ್ಲೇ ತೂರಿಸಿದರು. ಹೊರಗೆ ಕಾಣುವಷ್ಟು ಉದ್ದಕ್ಕೆ ಅವಕ್ಕೆ ಕೆಂಪು ಪಟ್ಟಿ ಸುತ್ತಿದರು. ಮುಚ್ಚಿದ ನೀಲಿ ತೂತಿನ ಎರಡೂ ಕಡೆ ನೀಲಿ ಕೇಬಲ್ಲಿನ ಮೋಟು ತುಂಡುಗಳನ್ನು ಚುಚ್ಚಿ ಮೆತ್ತಿದರು, ಅವುಗಳ ಹೊರತುದಿಯನ್ನು ಅಲ್ಲಿನ ಕೇಬಲ್ ಕಟ್ಟಿನೊಳಗೆ ಮರೆಮಾಡಿದರು. ನೋಡುವವನಿಗೆ ಈ ಕಡೆ ಹೋದ ಹಾಗೂ, ಆ ಕಡೆ ಬಂದ ಹಾಗೂ ಕಾಣಬೇಕು, ಅಷ್ಟೇ. ನೀನು ನೋಡಿದ ಫೋಟೋ ಆ ಮೋಟುಗಳದ್ದು. ಕರೆಂಟಿಗೆ ದಾರಿ ಯಾವುದಾದರೇನು, ತಲುಪುತ್ತದೆ. ಅದಕ್ಕೇ ಯಾವ ಮೀಟರೂ ಇದನ್ನು ಹಿಡಿಯಲಿಲ್ಲ.

ಅಂದರೆ ಏನು? ಆ ಒಂದು ತೂತಿನಲ್ಲಿ ಬೆಂಕಿ ಹೊತ್ತಿದರೆ ಕೆಂಪೂ ಹೋಯಿತು, ನೀಲಿಯೂ ಹೋಯಿತು. ಮೂರು ಎಂಜಿನ್ ಇಡಿ, ಮೂವತ್ತು ಇಡಿ, ಹೊರಗೆ ಗುಡುಗುಡು ಅಂತ ಓಡುತ್ತಿರುತ್ತವೆ, ಒಳಗೆ ಒಂದು ಪಂಪೂ ತಿರುಗುವುದಿಲ್ಲ. ಅದಕ್ಕೆ ನೀನು ಸಹಿ ಹಾಕುತ್ತೀಯಾ?

ಇನ್ನೊಂದು. ಹಿರಿಯರಿಬ್ಬರನ್ನು ಬಿಟ್ಟು ನಿನ್ನನ್ನೇ ಯಾಕೆ ಆರಿಸಿದರು, ಯೋಚನೆ ಮಾಡಿದ್ದೀಯಾ? ಹಳಬರು ಹಳೇ ಗೋಡೆಗೆ ಸಹಿ ಹಾಕಲು ಹೆದರುತ್ತಾರೆ. ಹೊಸಬರಿಗೆ ಖುಷಿ ಇರುತ್ತದೆ.

ದೊಡ್ಡಪ್ಪ


ಮಾರ್ಚ್ 24

ದೊಡ್ಡಪ್ಪನಿಗೆ,

ನಿಮ್ಮ ಕೊನೆಯ ಎರಡು ಸಾಲು ಚುಚ್ಚಿದವು. ಆದರೂ ಶುಕ್ರವಾರ ಆರು ಗಂಟೆ ಪ್ರಯಾಣ ಮಾಡಿ ಸ್ಥಾವರಕ್ಕೆ ಹೋದೆ. ಗೋಡೆಯ ಎರಡೂ ಕಡೆ ನಿಂತೆ. ಮೂರು ಕೇಬಲ್ಲೂ ಇವೆ, ತಗಡಿನ ನಂಬರುಗಳೂ ಇವೆ, ಧೂಳೂ ಎಲ್ಲ ಕಡೆ ಇರುವಷ್ಟೇ ಇದೆ. ಹಿಡಿದು ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ಕೇಬಲ್ ದಾರಿ ಹುಡುಕುವ ಯಂತ್ರ ಹಚ್ಚಿ ನೋಡುತ್ತೇನೆ ಎಂದರೆ ಮುಖ್ಯಸ್ಥರು ಬಿಡಲಿಲ್ಲ.

‘ಯಾರು ಹೇಳಿದ್ದು ನಿಂಗೆ?’ ಎಂದರು.

‘ಆಗ ಇಲ್ಲಿ ಕೆಲಸ ಮಾಡಿದವರು.’

‘ಅವರೇ ಮಾಡಿದ್ದಾ? ಕಣ್ಣಾರೆ ಕಂಡಿದ್ದಾ?’

‘ಕೇಳಿದ್ದಿರಬೇಕು.’

‘ಕೇಳಿದ್ದಕ್ಕೆಲ್ಲ ಗೋಡೆ ಕೆದಕ್ತಾ ಹೋದ್ರೆ ಈ ರಿಯಾಕ್ಟರ್ ನನ್ನ ಮೊಮ್ಮಗನ ಕಾಲಕ್ಕೆ ಚಾಲೂ ಆಗುತ್ತೆ. ಸಾಕ್ಷಿ ತಗೊಂಡು ಬಾ, ಇಲ್ಲಾಂದ್ರೆ ಸಹಿ ಹಾಕು.’

ಅವರು ಹೇಳಿದ್ದು ಅನ್ಯಾಯವೆಂದು ನನಗೆ ಅನ್ನಿಸಲಿಲ್ಲ. ಈಗ ನಾನು ಕೇಳುತ್ತೇನೆ. ನಿಮಗೆ ಹೇಗೆ ಗೊತ್ತು? ‘ಅವರು’ ಎಂದರೆ ಯಾರು? ಮೂವತ್ತೊಂದು ವರ್ಷ ಇದನ್ನು ಯಾರಿಗೂ ಹೇಳದೆ ಈಗ ಯಾಕೆ ಹೇಳುತ್ತಿದ್ದೀರಿ?

ಇನ್ನೊಂದನ್ನು ನೀವು ಯೋಚಿಸಿದ್ದೀರೋ ಇಲ್ಲವೋ. ‘ಗೋಡೆ ದಾಟಿವೆ, ಪರೀಕ್ಷಿಸಿದ್ದೇನೆ’ ಎಂದು ಬರೆದವರು ಅಪ್ಪ. ನಿಮ್ಮ ಮಾತು ನಿಜವಾದರೆ ಅಪ್ಪ ಸುಳ್ಳು ಬರೆದಿದ್ದಾರೆ. ಸಾವಿರಾರು ಜನರ ಜೀವದ ಮೇಲೆ ಸುಳ್ಳು ಬರೆದಿದ್ದಾರೆ. ಸತ್ತ ತಮ್ಮನ ಮೇಲೆ ಇಂಥ ಮಾತು ಹೊರಿಸುವ ಮುಂಚೆ ನಿಮ್ಮ ಪೆನ್ನು ಒಂದು ಕ್ಷಣವಾದರೂ ನಿಲ್ಲಬೇಕಿತ್ತು. ನನಗೆ ತುಂಬ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಸಾಕ್ಷಿ ಕೊಡಿ, ಇಲ್ಲವೇ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಿ.

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿಲ್ಲ.


ಏಪ್ರಿಲ್ 1

ದೊಡ್ಡಪ್ಪನಿಗೆ,

ಒಂದು ವಾರವಾಯಿತು, ಉತ್ತರವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೈ ಹುಷಾರಿಲ್ಲವೇನೋ ಎಂದುಕೊಳ್ಳುತ್ತಿದ್ದೆ. ನೀವು ಜ್ವರದಲ್ಲೂ ಬೈದು ಬರೆಯುವವರು.

ನಿಮ್ಮ ಬಳಿ ಸಾಕ್ಷಿ ಇಲ್ಲವೆಂದು ತಿಳಿದುಕೊಂಡಿದ್ದೇನೆ. ಹನ್ನೊಂದು ತಪಾಸಣೆ ಮತ್ತು ಅಪ್ಪನ ಕೈಬರಹ ಒಂದು ಕಡೆ, ಯಾರೋ ಹೇಳಿದ ಮಾತು ಒಂದು ಕಡೆ. 10ನೇ ತಾರೀಕು ಸಹಿ ಹಾಕುತ್ತೇನೆ. ಅಪ್ಪನ ಮೇಲೆ ನನಗೆ ನಂಬಿಕೆ ಇದೆ.


ಏಪ್ರಿಲ್ 5

ಮಗಳೇ,

ಸಹಿ ಹಾಕಬೇಡ. ಸಾಕ್ಷಿ ಕೇಳಿದೆಯಲ್ಲ, ನಾನೇ ಸಾಕ್ಷಿ. ‘ಅವರು ತೂರಿಸಿದರು, ಅವರು ಮೆತ್ತಿದರು’ ಅಂತ ಬರೆದಿದ್ದೆ. ಅವರು ಅಂತ ಯಾರೂ ಇಲ್ಲ. ನಾನು.

ಮೂರು ಸಲ ಬರೆದು ಹರಿದೆ. ಬೈಯುವುದಕ್ಕಾದರೆ ನನ್ನ ಪೆನ್ನು ಓಡುತ್ತದೆ, ಇದಕ್ಕೆ ಓಡಲಿಲ್ಲ.

ಆಗ ನಮ್ಮ ಮೇಲೆ ಒಬ್ಬ ಇನ್‌ಚಾರ್ಜ್ ಇದ್ದ. ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಿದ್ದ, ಅದಕ್ಕೆ ನಾವೆಲ್ಲ ಅವನಿಗೆ ಗಡಿಯಾರ ಅನ್ನುತ್ತಿದ್ದೆವು. ಈಗ ಅವನಿಲ್ಲ. ಸೋಮವಾರ ನೀಲಿ ತೂತು ಮುಚ್ಚಿಹೋದದ್ದು ಗೊತ್ತಾಯಿತು, ಗುರುವಾರ ದೊಡ್ಡವರು ಬಂದು ಸ್ವಿಚ್ಚು ಒತ್ತಬೇಕು.

ಗಡಿಯಾರ ಅಂದ, ‘ಮೂರು ವಾರ ಎಲ್ಲಿಂದ ತರಲಿ? ಕೆಂಪು ತೂತಲ್ಲಿ ಜಾಗ ಇದೆಯಲ್ಲ, ತೂರಿಸು. ಮುಂದಿನ ವರ್ಷ ನಿಲ್ಲಿಸಿದಾಗ ಸರಿ ಮಾಡೋಣ.’

‘ತಪಾಸಣೆಯವರು ಕೇಳಿದ್ರೆ?’ ಅಂದೆ.

‘ಕೇಳದ ಹಾಗೆ ಮಾಡು. ನಿನ್ನ ಕೈಗೆ ನಾನು ಬುದ್ಧಿ ಹೇಳಿಕೊಡಬೇಕಾ?’

ಮೋಟು ಚುಚ್ಚುವ ಉಪಾಯ ಅವನದಲ್ಲ, ನನ್ನದು. ಮಾಡಿ ತೋರಿಸಿದಾಗ ಅವನು ಬೆನ್ನು ತಟ್ಟಿ, ‘ನಿನ್ನಂಥ ಫಿಟ್ಟರ್ ಇನ್ನೊಬ್ಬನಿಲ್ಲ’ ಅಂದ. ನನಗೆ ಖುಷಿಯಾಯಿತು. ಅದನ್ನೂ ಬರೆದುಬಿಡುತ್ತೇನೆ, ಉಳಿಸಿಕೊಂಡು ಏನು ಮಾಡಲಿ?

ಇನ್ನು ನಿಮ್ಮಪ್ಪ. ಆ ಗೋಡೆಗೆ ಬಾಗಿಲಿಲ್ಲ, ನೀನೇ ನೋಡಿದ್ದೀಯ. ಈ ಕಡೆಯಿಂದ ಆ ಕಡೆಗೆ ಹೋಗಬೇಕಾದರೆ ಮೂರು ಮಹಡಿ ಇಳಿದು, ಎರಡು ಗೇಟು ದಾಟಿ, ಮತ್ತೆ ಮೂರು ಮಹಡಿ ಹತ್ತಬೇಕು. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು, ತಟ್ಟಿ ಎಣಿಸುವುದು. ತಪಾಸಣೆಗಾರ ಈ ಕಡೆ ನಿಂತು ಸ್ಕ್ರೂಡ್ರೈವರಿನ ಹಿಡಿಯಲ್ಲಿ ಕೇಬಲ್ಲಿಗೆ ತಟ್ಟುತ್ತಾನೆ. ಆ ಕಡೆ ಫಿಟ್ಟರ್ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಕೈಗೆ ತಾಗಿದ ಏಟು ಎಷ್ಟು ಅಂತ ಕೂಗಿ ಹೇಳುತ್ತಾನೆ. ಲೆಕ್ಕ ಸರಿ ಇದ್ದರೆ ಇದೇ ಕೇಬಲ್ ಅದು. ನಿಮ್ಮಪ್ಪ ಅನುಮಾನದ ಮನುಷ್ಯ. ಬೇರೆ ಫಿಟ್ಟರ್‌ಗಳ ಕೆಲಸವಾದರೆ ಎಣಿಕೆ ಆದಮೇಲೂ ಮೂರು ಮಹಡಿ ಇಳಿದು ಹತ್ತಿ ಕಣ್ಣಿನಿಂದ ನೋಡಿ ಬರುತ್ತಿದ್ದ. ನನ್ನ ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಅವನ ಅಣ್ಣ.

ಅವತ್ತು ನಾನು ಪಂಪ್ ಕೋಣೆಯಲ್ಲಿ ಮೋಟು ಹಿಡಿದು ನಿಂತಿದ್ದೆ. ಕೆಂಪು ತೂತಿಗೆ ಇನ್ನೂ ಸೀಲು ಹಾಕಿರಲಿಲ್ಲ, ಅದರಿಂದ ಅವನ ಮಾತೂ ತಟ್ಟುವ ಸದ್ದೂ ಸಣ್ಣಗೆ ಬರುತ್ತಿದ್ದವು. ಆಗ ನನ್ನ ಕಿವಿ ಬಲು ಚುರುಕು. ಕೈಗೆ ಏನೂ ತಾಗಲಿಲ್ಲ, ಕಿವಿಯಲ್ಲಿ ಎಣಿಸಿದೆ.

‘ಅಣ್ಣಾ, ಎಷ್ಟು?’

‘ನಾಲ್ಕು.’

‘ಈಗ?’

‘ಎರಡು.’

‘ಇದು?’

‘ಐದು. ಎಷ್ಟೊತ್ತು ತಟ್ತೀಯೋ, ಹಸಿವಾಗ್ತಿದೆ.’

ಅವನು ನಕ್ಕ. ‘ಆಯ್ತು ಬಿಡು, ಬರ್ಕೋತೀನಿ’ ಅಂದ.

ನಿನ್ನ ಬೆರಳಿನ ಕೆಳಗಿದ್ದ ಆ ಸಾಲು ಹೀಗೆ ಬಂದದ್ದು. ಅವನು ಸುಳ್ಳು ಬರೆದಿಲ್ಲ, ನನ್ನ ಸುಳ್ಳನ್ನು ಬರೆದ. ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮುಂದಿನ ವರ್ಷ ಗಡಿಯಾರನನ್ನು ಕೇಳಿದೆ, ‘ಈ ಸಲ ಬೇಡ’ ಅಂದ. ಅದರ ಮುಂದಿನ ವರ್ಷ ಅವನಿಗೆ ಬಡ್ತಿ ಆಯಿತು. ಮೂರನೇ ವರ್ಷ ಕೇಳುವುದನ್ನು ಬಿಟ್ಟೆ. ಈಗ ಯಾಕೆ ಅಂದರೆ, ಇನ್ನು ಇಪ್ಪತ್ತು ವರ್ಷ ಅದೇ ತೂತಿನ ಮೇಲೆ ಓಡಿಸುತ್ತಾರಂತೆ, ಅದರ ಕೆಳಗೆ ನಿನ್ನ ಸಹಿಯಂತೆ. ನನ್ನ ಮಾತು ನಂಬಿ ನಿಮ್ಮನೆಯಲ್ಲಿ ಒಬ್ಬ ಸಹಿ ಹಾಕಿದ್ದು ಸಾಕು.

ಈ ಪತ್ರ ಯಾರಿಗೆ ಬೇಕಾದರೂ ತೋರಿಸು.

ದೊಡ್ಡಪ್ಪ


ಏಪ್ರಿಲ್ 9

ನಿಮ್ಮ ಪತ್ರ ಬಂದ ದಿನವೇ ಅದನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ‘ಪಾಪ, ವಯಸ್ಸಾಗಿದೆ’ ಎಂದರು. ಹಳಬರಿಗೆ ಇಂಥ ಭ್ರಮೆಗಳು ಇರುತ್ತವಂತೆ. ಬೇಕಾದರೆ ಒಂದೂವರೆ ವರ್ಷದ ಮೇಲೆ, ಮುಂದಿನ ಸಲ ನಿಲ್ಲಿಸಿದಾಗ ನೋಡೋಣವಂತೆ.

ನಿಮಗೆ ಯಾರೋ ಇದೇ ಮಾತು ಹೇಳಿದ್ದರಲ್ಲವೇ? ಮುಂದಿನ ವರ್ಷ.

ನಾನು ಸಹಿ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಫೈಲಿನಲ್ಲೇ ಬರೆದೆ. ಸಂಜೆಯೊಳಗೆ ಫೈಲು ಬೇರೆಯವರ ಮೇಜಿಗೆ ಹೋಯಿತು. ನನಗೆ ‘ಸ್ವಲ್ಪ ದಿನ ರಜೆ ತಗೊಳ್ಳಮ್ಮ’ ಎಂದರು. ನನ್ನ ಕುರ್ಚಿಯಲ್ಲಿ ಈಗ ಇನ್ನೊಬ್ಬರು ಕೂತಿದ್ದಾರೆ. ಅವರು ನನ್ನ ಕಣ್ಣು ತಪ್ಪಿಸುತ್ತಾರೆ.

ನಿಮ್ಮ ಪತ್ರದ ನಕಲನ್ನು ಸುರಕ್ಷತಾ ಮಂಡಳಿಗೆ ಕಳಿಸಿದ್ದೇನೆ. ಅದು ನಮ್ಮ ಕಚೇರಿಯ ಕೈಕೆಳಗಿಲ್ಲ. ಅವರು ನಿಮ್ಮನ್ನು ಗೋಡೆಯ ಹತ್ತಿರ ಕರೆಸಬಹುದು. ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಅಲ್ಲಿರುವುದಿಲ್ಲ, ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ.

ಒಂದು ಮಾತು. ಅಪ್ಪ ಆಸ್ಪತ್ರೆಯಲ್ಲಿದ್ದ ಹದಿನೈದು ದಿನ ನೀವು ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಅವರ ಬಾಯಿಗೆ ನೀರು ಬಿಟ್ಟಿರಿ, ಉಗುರು ಕತ್ತರಿಸಿದಿರಿ. ನಾನೂ ಅಮ್ಮನೂ ಎಂಥ ಅಣ್ಣ ಎಂದುಕೊಂಡೆವು. ಆ ಹದಿನೈದು ದಿನದಲ್ಲಿ ಒಂದು ಐದು ನಿಮಿಷ ನಿಮಗೆ ಸಿಗಲಿಲ್ಲವೇ? ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವವರು ನೀವು. ಆ ಬಾಯಿ ಅಲ್ಲಿ ಎಲ್ಲಿ ಹೋಗಿತ್ತು?

ಉತ್ತರ ಬರೆಯಬೇಡಿ.


ಏಪ್ರಿಲ್ 17

ಮಗಳೇ,

ಬರೆಯಬೇಡ ಅಂದೆ. ನಾನು ಯಾವತ್ತು ಹೇಳಿದ ಮಾತು ಕೇಳಿದ್ದೇನೆ? ನಿನ್ನ ಪ್ರಶ್ನೆಗೆ ಉತ್ತರವಿಲ್ಲ, ಅದಕ್ಕಾಗಿ ಬರೆಯುತ್ತಿಲ್ಲ. ಗೋಡೆಯ ಹತ್ತಿರ ನಡೆದದ್ದು ನಿನಗೆ ಗೊತ್ತಾಗಬೇಕು, ಅವರು ಅರ್ಧ ಹೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮಂಡಳಿಯಿಂದ ಬಿಳಿಗೂದಲಿನ ಒಬ್ಬ ಹೆಂಗಸು ಬಂದಿದ್ದರು. ನಿಮ್ಮ ಮುಖ್ಯಸ್ಥ ಇದ್ದ, ಅವನ ಹಿಂದೆ ಫೈಲು ಹಿಡಿದ ಆರು ಜನ ಇದ್ದರು. ಆರು ಜನರಲ್ಲಿ ಒಬ್ಬನ ಕೈಯಲ್ಲೂ ಒಂದು ಇಕ್ಕಳ ಇರಲಿಲ್ಲ. ಇಕ್ಕಳ ಇದ್ದದ್ದು ಅಲ್ಲಿಯ ಫಿಟ್ಟರ್ ಒಬ್ಬಳ ಹತ್ತಿರ.

ಮುಖ್ಯಸ್ಥ ಕೇಳಿದ, ‘ಯಜಮಾನ್ರೇ, ಮೂವತ್ತು ವರ್ಷದ ಹಿಂದಿನ ಮಾತು. ನೆನಪು ಸರಿಯಾಗಿದೆಯಾ?’

‘ಬೆಳಿಗ್ಗೆ ಏನು ತಿಂದೆ ಅಂತ ಕೇಳಿ, ಹೇಳಕ್ಕಾಗಲ್ಲ. ಮಾಡಿದ ಕಳ್ಳತನ ಕೇಳಿ, ಹೇಳ್ತೀನಿ’ ಅಂದೆ.

‘ಗೋಡೆ ಕೆದಕಿ ಏನೂ ಸಿಗದೇ ಇದ್ರೆ?’

‘ನನ್ನನ್ನೇ ಆ ತೂತಿಗೆ ಹಾಕಿ ಮೆತ್ತಿ.’

ಆ ಹೆಂಗಸು ನಗಲಿಲ್ಲ. ‘ಮಾತು ಸಾಕು, ಜಾಗ ತೋರಿಸಿ’ ಅಂದರು. ನನಗೆ ಅವರ ಮೇಲೆ ಗೌರವ ಬಂತು.

ಫಿಟ್ಟರ್ ಹುಡುಗಿ ಮೊದಲು ಕರೆಂಟಿಲ್ಲ ಅಂತ ಟೆಸ್ಟರಿನಲ್ಲಿ ನೋಡಿದಳು, ಆಮೇಲೆ ಸುತ್ತಲಿನ ಸೀಲು ಕೆರೆದಳು. ಒಳಗೆ ನಾನು ಮೆತ್ತಿದ್ದ ಗಾರೆ ಬಂತು. ಅದನ್ನೂ ಒಡೆದಳು. ಕಟ್ಟು ಬಿಚ್ಚಿ, ‘ಅಜ್ಜ, ನೀವೇ ಎಳೀರಿ’ ಅಂದಳು. ಕಾಲು ಗೋಡೆಗೆ ಕೊಟ್ಟು ಎಳೆದೆ. ಮೂಲಂಗಿ ಕಿತ್ತ ಹಾಗೆ ಕೈಗೆ ಬಂತು. ಗೋಡೆಯೊಳಗೆ ಇದ್ದದ್ದು ಒಂದು ಗೇಣು. ತುದಿಗೆ ನಾನು ಸುತ್ತಿದ್ದ ಕಪ್ಪು ಟೇಪು ಹಾಗೇ ಇತ್ತು. ಎರಡನೆಯದನ್ನು ಎಳೆದೆ, ಮೂರನೆಯದನ್ನು ಎಳೆದೆ. ಮೂರನ್ನೂ ಮುಖ್ಯಸ್ಥನ ಫೈಲಿನ ಮೇಲೆ ಇಟ್ಟೆ.

ಅವನು ಅವನ್ನು ಹಿಂದಿನವನ ಕೈಗೆ ದಾಟಿಸಿ, ‘ಸರಿ, ಇದೊಂದು ಗೋಡೆ ತಾನೇ’ ಅಂದ.

ಅಲ್ಲಿಯವರೆಗೆ ಕೈಕಟ್ಟಿಕೊಂಡು ನಿಂತಿದ್ದೆ, ನಾನು ತಪ್ಪು ಮಾಡಿದವನು, ಸಿಟ್ಟು ಮಾಡುವ ಹಕ್ಕಿಲ್ಲ ಅಂತ. ಆ ಮಾತಿಗೆ ತಡೆಯಲಾಗಲಿಲ್ಲ. ‘ಒಂದು ಅಂತ ನಿಮಗೆ ಹೇಗೆ ಗೊತ್ತು? ಈ ಗೋಡೆಯೂ ನಿಮಗೆ ನಿನ್ನೆ ತನಕ ಸರಿಯಾಗೇ ಇತ್ತಲ್ಲ’ ಅಂದೆ. ‘ಅವತ್ತು ನನ್ನ ಜೊತೆ ನಲವತ್ತು ಜನ ಫಿಟ್ಟರ್‌ಗಳಿದ್ರು. ಇಪ್ಪತ್ತು ಜನ ಇನ್ನೂ ಬದುಕಿದ್ದಾರೆ. ಯಾರಿಗೂ ಶಿಕ್ಷೆ ಇಲ್ಲ ಅಂತ ಹೇಳಿ ಕರೆಸಿ, ಕೂರಿಸಿ ಕೇಳಿ. ಎಂಜಿನ್ ತರೋದಕ್ಕೆ ಎರಡು ವರ್ಷ ಓಡಾಡಿದ್ರಿ, ಕೇಬಲ್ ಎಳೆದವರನ್ನು ಒಂದು ಮಾತು ಕೇಳೋದಕ್ಕೆ ಅರ್ಧ ದಿನ ಸಿಗಲಿಲ್ವಾ? ಕೇಳಿದ ಒಬ್ಬಳು ಹುಡುಗಿಯನ್ನು ಮನೆಗೆ ಕಳಿಸಿದ್ರಿ.’ ಇನ್ನೂ ಸ್ವಲ್ಪ ಅಂದೆ. ಅದನ್ನು ಬರೆಯುವುದು ಬೇಡ, ನಿಮ್ಮಮ್ಮನ ಕಿವಿಗೆ ಬೀಳಬಹುದು.

ಆಮೇಲೆ ಹೇಳಿಕೆ ಬರೆದರು. ಓದಿ ಹೇಳಿದಾಗ ‘ಅಂದಿನ ಕೆಲಸಗಾರರು’ ಅಂತ ಇತ್ತು. ಹೊಡೆದು ಹಾಕಿಸಿ ನನ್ನ ಹೆಸರು ಬರೆಸಿದೆ, ನನ್ನ ಅಪ್ಪನ ಹೆಸರು ಸಮೇತ. ಹಳೇ ರಿಜಿಸ್ಟರ್ ತರಿಸಿದರು. ನನ್ನ ತಮ್ಮನ ಸಹಿಯ ಕೆಳಗೆ ನಾನೇ ಬರೆದೆ: ‘ಇವನು ಅಣ್ಣನ ಮಾತು ನಂಬಿ ಬರೆದದ್ದು. ಅಣ್ಣ ಹೇಳಿದ್ದು ಸುಳ್ಳು.’ ಅಕ್ಷರ ಸೊಟ್ಟ ಬಂದಿದೆ, ಓದಲು ಬರುತ್ತದೆ.

20ನೇ ತಾರೀಕು ಚಾಲೂ ಮಾಡುವುದಿಲ್ಲ ಅಂತ ಆ ಹೆಂಗಸು ಅಲ್ಲೇ ಹೇಳಿದರು. ನಿನ್ನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು.

ಉತ್ತರ ಬೇಡ.


ಮೇ 14

ದೊಡ್ಡಪ್ಪನಿಗೆ,

ಹೊಸ ತೂತು ಕೊರೆಯಲು ಮೂರು ವಾರ ಸಾಲಲಿಲ್ಲ, ಇಪ್ಪತ್ತನಾಲ್ಕು ದಿನ ಹಿಡಿಯಿತು. ಗೋಡೆಯೊಳಗಿನ ಕಂಬಿಗಳು ನನ್ನ ಮಣಿಕಟ್ಟಿನಷ್ಟು ದಪ್ಪ. ನಿನ್ನೆ ಮೂರು ನೀಲಿ ಕೇಬಲ್ಲುಗಳನ್ನು ಕೆಂಪು ತೂತಿನಿಂದ ಹೊರತೆಗೆದು ಅವುಗಳದೇ ದಾರಿಯಲ್ಲಿ ಎಳೆದರು.

ನಿಮ್ಮ ಹಳೆಯ ಜೊತೆಗಾರರಲ್ಲಿ ಹದಿನಾಲ್ಕು ಮಂದಿ ಬಂದರು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೇ ದಿನ ಒಬ್ಬರು ಟೀ ಲೋಟ ನೋಡುತ್ತಾ, ‘ಬ್ಯಾಟರಿ ಕೋಣೆ ಹಿಂದೆ ಒಂದು ಸಲ ನೋಡಿ’ ಎಂದರು. ಅಂಥ ಗೋಡೆ ಇನ್ನೂ ಎರಡು ಸಿಕ್ಕಿವೆ. ಮುಖ್ಯಸ್ಥರಿಗೆ ವರ್ಗವಾಗಿದೆ, ಬಡ್ತಿಯ ಜೊತೆಗೆ. ಓದಿ ಪೇಪರನ್ನು ಯಾವುದಕ್ಕೆ ಬಡಿಯುತ್ತೀರೋ ನಿಮಗೆ ಬಿಟ್ಟದ್ದು.

ನನ್ನನ್ನು ವಾಪಸ್ಸು ಕರೆದಿದ್ದಾರೆ. ನಾನು ಬಂದರೆ ಕೆಲವರು ಮಾತು ನಿಲ್ಲಿಸುತ್ತಾರೆ. ತಟ್ಟಿ ಎಣಿಸುವ ಪದ್ಧತಿಯನ್ನು ತೆಗೆದುಹಾಕಿದ್ದೇವೆ. ನಿನ್ನೆ ಒಂದೊಂದು ಕೇಬಲ್ಲಿಗೂ ನಾನೇ ಮೂರು ಮಹಡಿ ಇಳಿದು ಹತ್ತಿ, ಎರಡೂ ಕಡೆ ನೋಡಿ ಸಹಿ ಹಾಕಿದೆ. ಇವತ್ತು ನನಗೂ ಮಂಡಿನೋವು.

ರಿಜಿಸ್ಟರಿನಲ್ಲಿ ನೀವು ಬರೆದದ್ದನ್ನು ಓದಿದೆ. ಅಪ್ಪನ ಹೆಸರಿನಿಂದ ಸುಳ್ಳಿನ ಕಳಂಕ ಹೋಯಿತು, ಅದಕ್ಕೆ ನನಗೆ ಸಮಾಧಾನ. ಅದರಿಂದ ನಿಮ್ಮ ಮೇಲಿನ ಸಿಟ್ಟು ಹೋಯಿತು ಎಂದು ತಿಳಿಯಬೇಡಿ. ಹೋಗಿಲ್ಲ. ಹೋಗುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ.

ಅಮ್ಮನಿಗೆ ನಾನು ಏನೂ ಹೇಳಿಲ್ಲ. ಕೆಲಸದಲ್ಲಿ ಏನೋ ಗಲಾಟೆ ಎಂದಷ್ಟೇ ಅವಳಿಗೆ ಗೊತ್ತು. ನಿಮ್ಮ ಪತ್ರ ಯಾಕೆ ಬರುತ್ತಿಲ್ಲ ಎಂದು ದಿನಾ ಕೇಳುತ್ತಾಳೆ. ನಿಮ್ಮ ತಮ್ಮನ ಹೆಂಡತಿಗೆ ಹೇಳಬೇಕಾದದ್ದು ನನ್ನ ಬಾಯಿಂದ ಬರಬಾರದು, ಪತ್ರದಲ್ಲೂ ಬರಬಾರದು.

ಭಾನುವಾರ ಹತ್ತೂವರೆಯ ಬಸ್ಸಿಗೆ ಬನ್ನಿ. ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತು ಹೇಳಿ. ನಾನು ಅಲ್ಲೇ ಇರುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಅವಳು ಎದ್ದು ಹೋಗು ಎಂದರೆ ಹೋಗಬೇಕು. ಕೂರು ಎಂದರೆ ಊಟಕ್ಕೆ ತಟ್ಟೆ ನಾನೇ ಹಾಕುತ್ತೇನೆ.

ನಿಮ್ಮ ತಮ್ಮನ ಮಗಳು